ಕಿಟಕಿ ಚೌಕಟ್ಟಿನ ಹಡಗು

ಪಾಂಡವಪುರದ ಹತ್ತಿರದ ನಮ್ಮ ಹಳೆಮನೆ ಕೆಡವಿದಾಗ ನನ್ನ ಪಾಲಿಗೆ ಬಂದದ್ದು ಎರಡು ಕಿಟಕಿ ಚೌಕಟ್ಟು. ತಾತ ಹಾಕಿಸಿದ ತೇಗ. ಲಗೇಜ್ ಆಟೋದಲ್ಲಿ ಮೈಸೂರಿಗೆ ತಂದು ತಾರಸಿಯ ಶೀಟಿನ ಕೆಳಗೆ ಒರಗಿಸಿದ್ದೆ. ಹಾಗೇ ಎರಡು ಮಳೆಗಾಲ ಕಳೆಯಿತು. "ಇದನ್ನ ಏನಾದ್ರೂ ಮಾಡಿ, ಬಟ್ಟೆ ಒಣಗ್ಸೋ ಜಾಗ ಖಾಲಿಯಾದ್ರೆ ಸಾಕು" ಅಂತ ನನ್ನವಳು ತಿಂಗಳಿಗೊಂದು ಸಲ ಹೇಳೋಳು. ಇದರಲ್ಲಿ ಹಡಗು ಮಾಡ್ತೀನಿ ಅಂದೆ. ನಕ್ಕಳು.

ನಗುವುದಕ್ಕೆ ಕಾರಣವಿತ್ತು. ಅದಕ್ಕೂ ಮೊದಲು ಕಿಟ್ ತರಿಸಿ ಮೂರು ಮಾದರಿ ಹಡಗು ಮಾಡಿದ್ದೆ. ಮೂರೂ ಶೋಕೇಸಿನಲ್ಲಿ ಧೂಳು ತಿನ್ನುತ್ತಾ ಕೂತಿವೆ. ಕಿಟ್ಟಿನಲ್ಲಿ ಎಲ್ಲ ಭಾಗವೂ ಲೇಸರಿನಲ್ಲಿ ಕತ್ತರಿಸಿಕೊಂಡೇ ಬರುತ್ತದೆ. ನಮ್ಮ ಕೆಲಸ ಅಂಟು ಹಚ್ಚುವುದು, ತಾಳ್ಮೆ ತೋರಿಸುವುದು ಅಷ್ಟೇ. ಈ ಸಲ ಕೊಂಡು ತಂದ ಭಾಗ ಒಂದೂ ಇರಬಾರದು, ಮರ ತಾತನ ಕಿಟಕಿಯದ್ದೇ ಆಗಬೇಕು ಅನ್ನುವುದು ನನ್ನ ಹಟ. ಆ ಹಟಕ್ಕೆ ಏನಾಯಿತು ಅನ್ನುವುದೇ ಈ ಬರಹ.

ಮರ ತೇಗ ಅಂದಮೇಲೆ ಹಡಗು ಯಾವುದು ಅಂತ ಹುಡುಕಬೇಕಾಗಲಿಲ್ಲ. ಟ್ರಿಂಕೊಮಲೀ. ಬ್ರಿಟಿಷ್ ನೌಕಾಪಡೆಯ 38 ತೋಪಿನ ಫ್ರಿಗೇಟ್, ಅಂದರೆ ಮಧ್ಯಮ ಗಾತ್ರದ ವೇಗದ ಯುದ್ಧನೌಕೆ, ಆದರೆ ಹುಟ್ಟಿದ್ದು ಬೊಂಬಾಯಿಯ ಹಡಗುಕಟ್ಟೆಯಲ್ಲಿ. ಕಟ್ಟಿದವರು ಪಾರ್ಸಿ ಮೇಸ್ತ್ರಿ ಜಮ್ಶೆಟ್‌ಜಿ ಬೊಮನ್‌ಜಿ ವಾಡಿಯಾ. ನೆಪೋಲಿಯನ್ ಯುದ್ಧಗಳ ಕಾಲಕ್ಕೆ ಇಂಗ್ಲೆಂಡಿನಲ್ಲಿ ಓಕ್ ಮರಕ್ಕೆ ಬರ ಬಂದು, ಹಡಗಿನ ಆರ್ಡರು ನಮ್ಮ ಕಡೆ ಬಂತು. ಹಾಕಿದ್ದು ಮಲಬಾರಿನ ತೇಗ, ಅಂದರೆ ನಮ್ಮ ಎಚ್.ಡಿ. ಕೋಟೆ ದಾಟಿ ವಯನಾಡಿನಿಂದಾಚೆ ಘಟ್ಟ ಇಳಿದರೆ ಸಿಗುವ ಸೀಮೆಯದ್ದು. 1817ರ ಅಕ್ಟೋಬರ್ 12ರಂದು ನೀರಿಗಿಳಿದ ಆ ಹಡಗು ಇವತ್ತಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಿದೆ. ತೇಗದ ಎಣ್ಣೆಯಂಶ ಹುಳಕ್ಕೂ ಕೊಳೆಗೂ ಸುಲಭಕ್ಕೆ ದಾರಿ ಬಿಡುವುದಿಲ್ಲ. ಓಕ್ ಮರದ ಆಮ್ಲ ಕಬ್ಬಿಣದ ಬೋಲ್ಟುಗಳನ್ನು ತಿಂದುಹಾಕುತ್ತದೆ, ತೇಗದಲ್ಲಿ ಆ ಕಾಟವೂ ಕಡಿಮೆ.

ಈ ಹಡಗಿನ ನಕ್ಷೆಗೇ ಒಂದು ಕತೆಯಿದೆ. ಇಂಗ್ಲೆಂಡಿನಿಂದ ಬೊಂಬಾಯಿಗೆ ನಕ್ಷೆ ಹೊತ್ತು ಹೊರಟಿದ್ದ ಜಾವಾ ಎಂಬ ಹಡಗು 1812ರ ಡಿಸೆಂಬರಿನಲ್ಲಿ ಬ್ರೆಜಿಲ್ ಕರಾವಳಿಯಾಚೆ ಅಮೆರಿಕದ ಕಾನ್‌ಸ್ಟಿಟ್ಯೂಷನ್‌ ಕೈಗೆ ಸಿಕ್ಕಿ ಸುಟ್ಟುಹೋಯಿತು. ಇನ್ನೊಂದು ಪ್ರತಿ ಕಳಿಸಬೇಕಾಯಿತು. ಅವರ ನಕ್ಷೆ ಸಮುದ್ರದ ಪಾಲಾಯಿತು, ನನ್ನದು ಜೆರಾಕ್ಸ್ ಅಂಗಡಿಯ ಪಾಲಾಯಿತು. ಟ್ರಿಂಕೊಮಲೀ ಸೇರಿದ ಲೀಡಾ ವರ್ಗದ ಹಡಗುಗಳ ರೇಖಾನಕ್ಷೆಯ ಫೈಲನ್ನು ಪೆನ್‌ಡ್ರೈವಿನಲ್ಲಿ ಒಯ್ದು ದೊಡ್ಡ ಹಾಳೆಗೆ ಪ್ರಿಂಟ್ ಹಾಕಿಸಿದೆ. ಹುಡುಗ ಹಾಳೆಗೆ ಸರಿಹೊಂದಲಿ ಅಂತ ಒಂದು ಟಿಕ್ ಒತ್ತಿದ್ದು ನನಗೆ ಕಾಣಲಿಲ್ಲ.

ನಾನು ಹಿಡಿದ ಅಳತೆ ಒಂದು ಅಡಿಗೆ ಎಂಟನೇ ಒಂದು ಇಂಚು, ನಮ್ಮ ಬಡಗಿಗಳ ಭಾಷೆಯಲ್ಲಿ ಒಂದು ನೂಲು. ಹಡಗಿನ ಒಂದಡಿ ಮಾದರಿಯಲ್ಲಿ ಒಂದು ನೂಲು, ಲೆಕ್ಕ ಬಾಯಲ್ಲೇ ಆಗುತ್ತದೆ. ತೋಪಿನ ಅಟ್ಟದ (ಡೆಕ್ಕಿನ) ಉದ್ದ ಸುಮಾರು 150 ಅಡಿ, ಅಂದರೆ ಮಾದರಿಯಲ್ಲಿ 18 ಮುಕ್ಕಾಲು ಇಂಚು. ಅಗಲ ಸುಮಾರು 40 ಅಡಿ, ಅದು 5 ಇಂಚು. ನಕ್ಷೆಯ ಮೂಲೆಯಲ್ಲಿ 100 ಅಡಿಯ ಅಳತೆಪಟ್ಟಿ ಇತ್ತು, ಅದು ಹನ್ನೆರಡೂವರೆ ಇಂಚು ಇರಬೇಕು. ಹಡಗಿನ ಒಡಲಿಗೆ ಆಕಾರ ಕೊಡುವ ಅಡ್ಡಗೋಡೆಗಳನ್ನೆಲ್ಲ ಪ್ಲೈವುಡ್ಡಿನಲ್ಲಿ ಕತ್ತರಿಸಿ ಮುಗಿಸಿದ ದಿನ ರಾತ್ರಿ, ಯಾಕೋ ಅನುಮಾನ ಬಂದು ಸ್ಟೀಲ್ ಸ್ಕೇಲ್ ಇಟ್ಟು ನೋಡಿದರೆ 12 ಇಂಚು 1 ನೂಲು. ನೂರಕ್ಕೆ ಮೂರರಷ್ಟು ಕುಗ್ಗಿದೆ. ಅದೂ ಅಡ್ಡಗೋಡೆಗಳ ಹಾಳೆ ಮಾತ್ರ. ಉದ್ದನೆಯ ಹಾಳೆ ಸರಿಯಾಗಿಯೇ ಬಂದಿತ್ತು. ಹದಿನೇಳು ಅಡ್ಡಗೋಡೆ ಕಸಕ್ಕೆ ಹೋದವು. ಆ ಹುಡುಗನನ್ನು ಬೈದು ಪ್ರಯೋಜನವಿಲ್ಲ, ಸ್ಕೇಲ್ ಮೊದಲೇ ಇಟ್ಟು ನೋಡಬೇಕಾದವನು ನಾನು. ಈಗ ಯಾವ ಹಾಳೆ ಬಂದರೂ ಅಂಗಡಿಯ ಕೌಂಟರಿನ ಮೇಲೇ ಅಳೆಯುತ್ತೇನೆ, ಹಿಂದೆ ನಿಂತವರು ಗೊಣಗಿದರೂ ಸರಿ.

ಅಸ್ಥಿಪಂಜರದ ಕೆಲಸ ಹೇಳುವಂಥದ್ದೇನಲ್ಲ. 4 ಮಿ.ಮೀ. ಪ್ಲೈ, ನಡುವೆ ಬೆನ್ನುಹುರಿಯಂಥ ಉದ್ದ ಹಲಗೆ, ಅದಕ್ಕೆ ಅಡ್ಡಲಾಗಿ ಕಚ್ಚು ಕೊರೆದು ಕೂರಿಸಿದ ಅಡ್ಡಗೋಡೆಗಳು. ಬೆನ್ನು ನೆಟ್ಟಗಿದೆಯಾ ಅಂತ ಗ್ರಾನೈಟ್ ತುಂಡಿನ ಮೇಲೆ ಇಟ್ಟು ನೋಡುತ್ತಿದ್ದೆ. ಅಡುಗೆಮನೆ ಕಟ್ಟೆ ಮಾಡಿಸಿದಾಗ ಉಳಿದ ತುಂಡು, ಅದಕ್ಕಿಂತ ಸಮತಟ್ಟಾದ್ದು ಮನೆಯಲ್ಲಿ ಬೇರೆ ಇಲ್ಲ.

ಆ ಬೆನ್ನಿನ ಕೆಳಗೆ ಕೂರುವುದು ಕೀಲ್, ಹಡಗಿನ ತಳದ ತೊಲೆ. ಇಲ್ಲಿಂದ ತಾತನ ಕಿಟಕಿ ಶುರು. ಚೌಕಟ್ಟಿನಿಂದ 4 ಮಿ.ಮೀ. ಚೌಕದ ಕಡ್ಡಿ ಸೀಳಿಸಿದೆ. ಮೇಲಿನ ಬೂದುಬಣ್ಣ ಕೆತ್ತಿದ ಕೂಡಲೇ ಒಳಗೆ ಜೇನಿನ ಬಣ್ಣ, ಆ ಚರ್ಮದಂಥ ವಾಸನೆ. ಅಷ್ಟು ವರ್ಷ ಬಿಸಿಲು ಮಳೆ ಕುಡಿದ ಮರ, ಒಂದು ಕೂದಲಷ್ಟೂ ಸೊಟ್ಟಗಾಗಲಿಲ್ಲ. ಟ್ರಿಂಕೊಮಲೀಗೆ 1816ರ ಮೇ ತಿಂಗಳಲ್ಲಿ ಕೆಲಸ ಶುರುವಾದಾಗ ಪಾರ್ಸಿ ಪದ್ಧತಿಯಂತೆ ಕೀಲ್‌ಗೆ ಬೆಳ್ಳಿ ಮೊಳೆ ಹೊಡೆದಿದ್ದರಂತೆ. ನಾನೂ ಹೊಡೆದೆ. ಅಮ್ಮನ ಕಾಲ್ಗೆಜ್ಜೆಯ ಕೊಂಡಿ ಯಾವತ್ತೋ ಮುರಿದು ಕುಂಕುಮದ ಡಬ್ಬಿಯಲ್ಲಿ ಬಿದ್ದಿತ್ತು. ಅದನ್ನು ನೆಟ್ಟಗೆ ಬಡಿದು, ಅರದಲ್ಲಿ ಮೊನೆ ಮಾಡಿ, 0.8 ಮಿ.ಮೀ. ತೂತು ಕೊರೆದು ಸುತ್ತಿಗೆಯ ಹಿಂಬದಿಯಿಂದ ಮೂರು ಏಟು. ಅಮ್ಮನ ಕೈಯಲ್ಲೇ ಹೊಡೆಸಬೇಕು ಅಂತಿದ್ದೆ, "ನನ್ನ ಕೈ ನಡುಗುತ್ತೆ ಕಣಪ್ಪ, ನೀನೇ ಹೊಡಿ" ಅಂದರು. ಮೊಳೆಯ ತಲೆ ಸಾಸಿವೆ ಕಾಳಿಗಿಂತ ಚಿಕ್ಕದು, ಬೆಳಕಿಗೆ ಹಿಡಿದರೆ ಮಿಂಚುತ್ತದೆ.

ಅಲ್ಲಿಗೆ ನನ್ನ ಸಂಭ್ರಮ ಮುಗಿಯಿತು.

ಹೊರಮೈಗೆ ಹೊದಿಸಲು ತೇಗದಲ್ಲೇ 1 ಮಿ.ಮೀ. ದಪ್ಪದ ಪಟ್ಟಿ ಸೀಳಲು ಕೂತೆ. ಮೊದಲ ದಿನವೇ ಚೌಕಟ್ಟಿನೊಳಗೆ ಹುದುಗಿದ್ದ ಹಳೇ ಮೊಳೆಯೊಂದು ಗರಗಸದ ನಾಲ್ಕು ಹಲ್ಲು ತಿಂದಿತು. ಎರಡನೇ ಬ್ಲೇಡು ಮೊಳೆಯಿಲ್ಲದೆಯೂ ಮೊಂಡಾಯಿತು. ತೇಗದೊಳಗೆ ಸಿಲಿಕಾ ಇರುತ್ತದೆ, ಮರಳು ಕೊಯ್ದ ಹಾಗೆ. ಅಂತೂ ಇಪ್ಪತ್ತು ಪಟ್ಟಿ ಸಿಕ್ಕವು. ನಾಲ್ಕನ್ನು ಹಡಗಿನ ಮಧ್ಯಭಾಗಕ್ಕೆ ಅಂಟಿಸಿ, ಉಜ್ಜಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಹಡಗಿನ ಹಾಗೆ ಕಾಣಲೇ ಇಲ್ಲ. ಕಿಟಕಿಯ ಹಾಗೇ ಕಾಣುತ್ತಿತ್ತು.

ಯಾಕೆ ಅಂತ ಎರಡು ದಿನ ತಲೆ ಕೆರೆದುಕೊಂಡೆ. ಬಣ್ಣ ಸರಿಯಿದೆ, ಅಗಲ ಸರಿಯಿದೆ. ಉತ್ತರ ಸಿಕ್ಕಿದ್ದು ಮಂಡಿ ಮೊಹಲ್ಲಾದಲ್ಲಿ. ಅಲ್ಲಿ ಬೀಟೆಮರದ ಕುಸುರಿ ಮಾಡುವ ಒಬ್ಬ ಸಾಬರ ಪರಿಚಯ ನನಗೆ ಮೊದಲಿಂದ ಉಂಟು. ಬೀಟೆ ಹಲಗೆಯಲ್ಲಿ ಚಿತ್ರದ ಆಕಾರಕ್ಕೆ ಗುಂಡಿ ತೋಡಿ, ಬೇರೆ ಬೇರೆ ಬಣ್ಣದ ಮರದ ಚೂರುಗಳನ್ನು ಕೂದಲೂ ತೂರದ ಹಾಗೆ ಕೂರಿಸುವ ಕೆಲಸ. ಹಳದಿಗೆ ಹಲಸು, ಹೀಗೆ ಒಂದೊಂದು ಬಣ್ಣಕ್ಕೆ ಒಂದೊಂದು ಮರ. ನನ್ನ ಪಟ್ಟಿಯನ್ನು ಅವರು ಕಿಟಕಿ ಬೆಳಕಿಗೆ ಹಿಡಿದರು, ಉಗುರಲ್ಲಿ ಗೀರಿದರು.

"ಮರ ಚಿನ್ನ ಸಾರ್. ಆದ್ರೆ ತೇಗದಲ್ಲಿ ಕಣ್ಣು ಕೂರ್ಸಕ್ಕಾಗುತ್ತಾ?"

ಅವರ ಮುಂದೆ ಮೇಜಿನ ಮೇಲೆ ಒಂದು ಆನೆಯ ಚಿತ್ರವಿತ್ತು, ಆನೆಯ ಕಣ್ಣು ರಾಗಿಕಾಳಿನಷ್ಟು. ತೇಗದ ಒಂದು ರಂಧ್ರ ಅದಕ್ಕೆ ಬಂದು ಕೂತರೆ ಅರ್ಧ ಕಣ್ಣೇ ಇರುವುದಿಲ್ಲ. ಮನೆಗೆ ಬಂದು ಲೆಕ್ಕ ಹಾಕಿದೆ. ತೇಗದ ದೊಡ್ಡ ರಂಧ್ರಗಳು ಹೆಚ್ಚುಕಮ್ಮಿ ಕಾಲು ಮಿಲಿಮೀಟರ್ ಅಗಲ. ನನ್ನ ಅಳತೆಯಲ್ಲಿ (ಒಂದಡಿಗೆ 96 ನೂಲು) ಅದನ್ನು 96ರಿಂದ ಗುಣಿಸಬೇಕು: 24 ಮಿ.ಮೀ. ಅಂದರೆ ಹಡಗಿನ ಹಲಗೆಯ ತುಂಬ ಒಂದೊಂದು ಇಂಚಿನ ತೂತು ಬಿದ್ದ ಹಾಗೆ! ಮರ ಹಡಗಿನ ಜತೆ ಕುಗ್ಗಿತು, ಮರದ ಎಳೆ ಕುಗ್ಗಲಿಲ್ಲ. ತೇಗದ ಹಡಗನ್ನು ತೇಗದಲ್ಲೇ ಮಾಡಿದರೆ ತೇಗದ ಹಡಗಿನ ಹಾಗೆ ಕಾಣುವುದಿಲ್ಲ. ಪಾಶ್ಚಾತ್ಯರು ಎಳೆ ಕಾಣದಷ್ಟು ನುಣುಪಾದ ಬಾಕ್ಸ್‌ವುಡ್, ಪೇರ್ ಮರ ಅಂತ ಯಾಕೆ ಹುಡುಕಿಕೊಂಡು ಹೋಗುತ್ತಾರೆ ಅನ್ನುವುದು ಆಗ ತಲೆಗೆ ಹತ್ತಿತು. ಸಾಲದ್ದಕ್ಕೆ ಮೂತಿಯ ತಿರುವಿಗೆ ಬಗ್ಗಿಸಿದ ತೇಗದ ಪಟ್ಟಿ, ಗುಂಡುಸೂಜಿ ಚುಚ್ಚಿದ ಕಡೆ ಎಳೆಗುಂಟ ಚಟ್ಟನೆ ಸೀಳಿಕೊಂಡಿತು.

ಹಾಗಾದರೆ ಯಾವ ಮರ? ಸಾಬರೇ ದಾರಿ ತೋರಿದರು, ದೂರವೇನಿಲ್ಲ: ಚನ್ನಪಟ್ಟಣ. ಗೊಂಬೆ ಮಾಡುವ ಆಲೆಮರ. ಹಾಲಿನ ಕೆನೆಯ ಬಣ್ಣ, ಎಳೆ ಹುಡುಕಿದರೂ ಕಾಣದಷ್ಟು ನುಣುಪು, ಚಾಕುವಿಗೆ ಸೌತೆಕಾಯಿಯ ಹಾಗೆ ಸಿಗುತ್ತದೆ. ಪ್ಯಾಸೆಂಜರ್ ರೈಲಿನಲ್ಲಿ ಹೋಗಿ ಒಣಗಿದ ನಾಲ್ಕು ತುಂಡು ತಂದೆ. ಒಂದರ ಒಳಗೆ ನೀಲಿ ಮಚ್ಚೆ ಹಬ್ಬಿತ್ತು, ಹಸಿ ಇರುವಾಗ ಗಾಳಿಯಾಡದೆ ಇಟ್ಟದ್ದು. ಅದನ್ನು ಅಟ್ಟದ ಕೆಳಗೆ, ಕಾಣದ ಜಾಗಕ್ಕೆ ಬಳಸಿದೆ.

ಈಗ ಹೊದಿಕೆ. ಈ ಹವ್ಯಾಸದಲ್ಲಿ ಜನ ಕೈಬಿಡುವುದು ಇಲ್ಲೇ, ಅದಕ್ಕೆ ಇದನ್ನು ಸ್ವಲ್ಪ ಎಳೆದು ಬರೆಯುತ್ತೇನೆ.

ಮೊದಲ ಸಲ ನಾನು ಮಾಡಿದ್ದು ತಪ್ಪು. ಎಲ್ಲ ಪಟ್ಟಿಯನ್ನೂ 5 ಮಿ.ಮೀ. ಅಗಲಕ್ಕೇ ಬಿಟ್ಟು, ಮೇಲಿನಿಂದ ಒಂದರ ಕೆಳಗೊಂದು ಒತ್ತಿ ಅಂಟಿಸುತ್ತಾ ಹೋದೆ. ಆರು ಸಾಲಿನವರೆಗೆ ಚೆನ್ನಾಗಿತ್ತು. ಏಳನೆಯದು ಮೂತಿಯ ಹತ್ತಿರ ತಲೆ ಎತ್ತಿತು. ಬೆರಳಲ್ಲಿ ಒತ್ತಿದೆ, ಸೂಜಿ ಚುಚ್ಚಿದೆ, ಕ್ಲಿಪ್ಪು ಹಾಕಿದೆ. ಎಂಟನೆಯದು ಅದರ ಮೇಲೆ ಹತ್ತಿ ಕೂತಿತು. ಹನ್ನೊಂದಕ್ಕೆ ಬರುವಷ್ಟರಲ್ಲಿ ಮೂತಿ ಹೆಂಚಿನ ಮನೆಯ ಸೂರಿನ ಹಾಗೆ ಒಂದರ ಮೇಲೊಂದು. ಉಜ್ಜಿ ಸರಿಮಾಡೋಣ ಅಂದರೆ ಕೆಲವು ಕಡೆ ಮರವೇ ತೂತಾಯಿತು. ಒಂದು ವಾರ ಆ ಕಡೆ ತಲೆ ಹಾಕಲಿಲ್ಲ.

ಆಮೇಲೆ ಬಿಚ್ಚಿದೆ. ಬಿಳಿ ಅಂಟು ಸ್ಪಿರಿಟ್ ತಾಗಿದರೆ ಮೆತ್ತಗಾಗುತ್ತದೆ. ಕೊರೋನಾ ಕಾಲದ ಸ್ಯಾನಿಟೈಸರ್ ಅರ್ಧ ಕ್ಯಾನ್ ಮನೆಯಲ್ಲಿ ಉಳಿದಿತ್ತು. ಜೆಲ್ ಆದ್ದರಿಂದ ಸವರಿದ ಕಡೆಯೇ ನಿಲ್ಲುತ್ತದೆ, ಹರಿದು ಹೋಗುವುದಿಲ್ಲ. ದಪ್ಪಗೆ ಬಳಿದು, ಮೇಲೆ ಪ್ಲಾಸ್ಟಿಕ್ ಹೊದಿಸಿ, ಅರ್ಧ ಗಂಟೆ ಬಿಟ್ಟು ಚಪ್ಪಟೆ ಚಾಕು ತೂರಿಸಿದರೆ ಪಟ್ಟಿ ಹಪ್ಪಳದ ಹಾಗೆ ಎದ್ದು ಬಂತು. ಇಪ್ಪತ್ತೆರಡು ಪಟ್ಟಿ, ಎರಡು ಸಂಜೆ.

ಎರಡನೇ ಸಲ ಲೆಕ್ಕದಿಂದ ಶುರುಮಾಡಿದೆ. ಹಡಗಿನ ಸುತ್ತಳತೆ ಎಲ್ಲ ಕಡೆ ಒಂದೇ ಇರುವುದಿಲ್ಲ, ಅದೇ ವಿಷಯದ ಬುಡ. ಕಾಗದದ ಸಣ್ಣ ಪಟ್ಟಿಯನ್ನು ಅಡ್ಡಗೋಡೆಯ ಅಂಚಿಗೆ ಸುತ್ತಿ, ಮೇಲಿನ ಗುರುತಿನಿಂದ ಕೀಲ್‌ವರೆಗೆ ಅಳೆದರೆ ಮಧ್ಯಭಾಗದಲ್ಲಿ 95 ಮಿ.ಮೀ., ಮೂತಿಯ ಹತ್ತಿರ 68. ಎರಡು ಕಡೆಯೂ 19 ಪಟ್ಟಿಯೇ ಕೂರಬೇಕು. ಅಂದರೆ ಮಧ್ಯದಲ್ಲಿ 5 ಮಿ.ಮೀ. ಇರುವ ಪಟ್ಟಿ ಮೂತಿಯಲ್ಲಿ ಮೂರೂವರೆಯ ಆಸುಪಾಸಿಗೆ ಸಣ್ಣಗಾಗಬೇಕು. ಪ್ರತಿ ಅಡ್ಡಗೋಡೆಗೂ ಹೀಗೆ ಕಾಗದ ಸುತ್ತಿ, 19 ಭಾಗ ಮಾಡಿ, ಪೆನ್ಸಿಲ್ ಗುರುತು ಹಾಕಿದೆ. ಪಟ್ಟಿಯನ್ನು ಆ ಗುರುತಿಗೆ ತಕ್ಕಂತೆ ಚಿಕ್ಕ ಕೀಸುಳಿಯಲ್ಲಿ ಕೀಸಿದೆ. ಅಗಲ ಅರ್ಧಕ್ಕಿಂತ ಕಡಿಮೆಯಾಗಬಾರದು. ಹಾಗೇನಾದರೂ ಆಗುವಂತಿದ್ದರೆ ಎರಡು ಪಟ್ಟಿ ಮುಗಿಸಿ ಒಂದೇ ಪಟ್ಟಿ ಮುಂದುವರಿಸಬೇಕು. ಹಿಂಭಾಗದಲ್ಲಿ ಉಲ್ಟಾ, ಅಲ್ಲಿ ಸುತ್ತಳತೆ ಹೆಚ್ಚು, ನಡುವೆ ಬೆಣೆಯಂಥ ತುಂಡು ತೂರಿಸಬೇಕಾಗುತ್ತದೆ. ಬಡಗಿಗೆ ಇದನ್ನು ಹೇಳಿಕೊಡಬೇಕಿಲ್ಲ, ಹೊಲಿಗೆಯವರಿಗಂತೂ ಬೇಕೇ ಇಲ್ಲ. ನನ್ನವಳು ನೋಡಿದವಳೇ "ಇದು ಬ್ಲೌಸಿಗೆ ಡಾರ್ಟ್ ಹಿಡಿದ ಹಾಗೆ ಅಲ್ವಾ" ಅಂದಳು. ಇದನ್ನೇ ನಾನು ಎರಡು ತಿಂಗಳು ಓದಿ ಕಲಿತಿದ್ದೆ.

ಇನ್ನೊಂದು ತಂತ್ರ ಇಸ್ತ್ರಿಪೆಟ್ಟಿಗೆಯದ್ದು. ಮರದ ಪಟ್ಟಿ ಚಪ್ಪಟೆ ಮುಖದ ಕಡೆಗೆ ಸಲೀಸಾಗಿ ಬಾಗುತ್ತದೆ, ಅಂಚಿನ ಕಡೆಗೆ ಬಾಗಲು ಒಪ್ಪುವುದಿಲ್ಲ. ಮೂತಿಯಲ್ಲಿ ತಲೆ ಎತ್ತುವುದಕ್ಕೆ ಅದೂ ಕಾರಣ. ಪಟ್ಟಿಯನ್ನು ಹತ್ತು ನಿಮಿಷ ಬಿಸಿನೀರಲ್ಲಿ ನೆನೆಸಿ, ಒಂದು ತುದಿ ಕ್ಲಾಂಪ್ ಮಾಡಿ, ಇನ್ನೊಂದು ತುದಿಯನ್ನು ಬೇಕಾದ್ದಕ್ಕಿಂತ ಒಂಚೂರು ಹೆಚ್ಚೇ ಅಡ್ಡಕ್ಕೆ ಬಾಗಿಸಿ ಅದಕ್ಕೂ ಕ್ಲಾಂಪ್ ಹಾಕಿ, ಮೇಲಿಂದ ಬಿಸಿ ಇಸ್ತ್ರಿ ಒತ್ತಬೇಕು. ಚುಂಯ್ ಅಂತ ಹಬೆ ಹೋಗುತ್ತದೆ. ಒಣಗಿದ ಮೇಲೆ ಬಿಚ್ಚಿದರೆ ಬಾಳೆಕಾಯಿಯ ಬೆನ್ನಿನಂತೆ ಬಾಗಿ ನಿಲ್ಲುತ್ತದೆ. ಅದು ಮೂತಿಗೆ ತಾನಾಗಿ ಬಂದು ಕೂರುತ್ತದೆ, ಸೂಜಿಯೇ ಬೇಡ. ಹಳೇ ಇಸ್ತ್ರಿಪೆಟ್ಟಿಗೆ ಇಟ್ಟುಕೊಳ್ಳಿ. ಮನೆಯದ್ದು ಮುಟ್ಟಿದ್ದಕ್ಕೆ ನನ್ನ ಒಂದು ಬಿಳಿ ಷರ್ಟಿನ ಬೆನ್ನಿಗೆ ಅಂಟಿನ ಕಲೆ ಇವತ್ತಿಗೂ ಇದೆ.

ಎಡಬದಿ ಮುಗಿದದ್ದು ಜುಲೈನಲ್ಲಿ, ಸೋನೆ ಮಳೆ ಹಿಡಿದಿದ್ದಾಗ. ಬಲಬದಿ ಮಾಡಿದ್ದು ಸಂಕ್ರಾಂತಿ ಕಳೆದ ಮೇಲೆ. ಶಿವರಾತ್ರಿಯ ಹೊತ್ತಿಗೆ ಎಡಬದಿಯಲ್ಲಿ ಪಟ್ಟಿಗಳ ನಡುವೆ ಕೂದಲಿನಂಥ ಬಿರುಕು ಕಾಣಿಸಿತು, ಬಲಬದಿಯಲ್ಲಿ ಒಂದೂ ಇಲ್ಲ. ಮಳೆಗಾಲದ ತೇವ ಕುಡಿದು ಉಬ್ಬಿದ್ದ ಮರ ಬೇಸಿಗೆಗೆ ಕುಗ್ಗಿತ್ತು. ಪುಟ್ಟಿ ತುಂಬಲಿಲ್ಲ, ಮುಂದಿನ ಮಳೆಗೆ ಅದು ಉಗುಳಿಕೊಂಡು ಬರುತ್ತದೆ. ಕೀಸುಳಿಯಿಂದ ಬಂದ ತೆಳು ಹೆರೆಯನ್ನೇ ಅಂಟು ಹಚ್ಚಿ ಬಿರುಕಿಗೆ ತೂರಿಸಿ ಕತ್ತರಿಸಿದೆ. ಈಗ ಸೀಳಿದ ಪಟ್ಟಿಗಳನ್ನು ಫ್ರಿಜ್ ಹಿಂದಿನ ಬೆಚ್ಚನೆ ಜಾಗದಲ್ಲಿ ಒಂದು ವಾರ ಇಟ್ಟೇ ಕೆಲಸಕ್ಕೆ ತೆಗೆಯುವುದು.

ಇದರ ಮೇಲೆ ಎರಡನೇ ಪದರ, ಎರಡೂವರೆ ಮಿ.ಮೀ. ಅಗಲದ ಸಣ್ಣ ಪಟ್ಟಿಗಳದ್ದು. ವಿಧಾನ ಅದೇ, ಬೇಗ ಆಯಿತು. ತೋಪಿನ ಕಿಂಡಿ ಬದಿಗೆ ಹದಿನಾಲ್ಕು. ಅವುಗಳ ಹೊಸ್ತಿಲ ಸಾಲು ಅಟ್ಟದ ಬಾಗಿಗೆ ಸಮವಾಗಿ ಹೋಗಬೇಕು. ಒಂದು ಕಡ್ಡಿ ಕಟ್ಟಿ ದೂರದಿಂದ ಕಣ್ಣಳತೆಯಲ್ಲೇ ನೋಡಿದೆ, ಸ್ಕೇಲಿಗಿಂತ ಕಣ್ಣೇ ಲೇಸು.

ಕಪ್ಪು ಬಣ್ಣದ್ದೊಂದು ಹೇಳಬೇಕು. ಹಡಗಿನ ಬದಿ ಕಪ್ಪು, ಕಿಂಡಿಗಳ ಸಾಲಿಗೆ ಬಿಳಿ ಪಟ್ಟೆ. ಪೇಂಟ್ ಬಳಿದರೆ ಪಟ್ಟಿಗಳ ಗೆರೆಯೇ ಮುಚ್ಚಿಹೋಗುತ್ತದೆ, ಇಷ್ಟು ಒದ್ದಾಡಿದ್ದು ಯಾಕೆ ಮತ್ತೆ? ಮರಕ್ಕೇ ಬಣ್ಣ ಕುಡಿಸಬೇಕು. ತುಕ್ಕು ಮೊಳೆಯನ್ನು ವಿನೆಗರಿನಲ್ಲಿ ವಾರ ನೆನೆಸಿದ ನೀರು ಒಗರು ಇರುವ ಮರಕ್ಕೆ ತಾಗಿದರೆ ಕಪ್ಪಾಗುತ್ತದೆ. ಆಲೆಮರದಲ್ಲಿ ಒಗರು ಸಾಲದು, ಬರೀ ಬೂದಿಯ ಬಣ್ಣ ಬಂತು. ದೇವರಾಜ ಮಾರುಕಟ್ಟೆಯ ಹತ್ತಿರ ಗ್ರಂಥಿಗೆ ಅಂಗಡಿಯಲ್ಲಿ ಅಳಲೆಕಾಯಿ ತಂದು, ಕುಟ್ಟಿ, ಕಷಾಯ ಮಾಡಿ ಮೊದಲು ಅದನ್ನು ಎರಡು ಸಲ ಬಳಿದೆ. ಒಣಗಿದ ಮೇಲೆ ಮೊಳೆನೀರಿನ ಕುಂಚ ತಾಗಿಸಿದ್ದೇ ತಡ, ಕಣ್ಣ ಮುಂದೆಯೇ ಮರ ಕಾಗೆಯ ರೆಕ್ಕೆಯಂತೆ ಕಪ್ಪಾಯಿತು. ಹಿಂದಿನವರು ಬರೆಯಲು ಅಳಲೆಕಾಯಿ ಮಸಿ ಮಾಡಿಕೊಳ್ಳುತ್ತಿದ್ದುದು ಇದೇ ಗುಣ ನೆಚ್ಚಿಕೊಂಡು. ಬೆರಳು ಮಾತ್ರ ನಾಲ್ಕು ದಿನ ಕಪ್ಪಗೇ ಇತ್ತು.

ಪಕ್ಕದ ಮನೆಯ ಹುಡುಗ ಬಂದು ನೋಡಿ, "ಅಂಕಲ್, ಇದನ್ನ ಕೆಆರ್‌ಎಸ್‌ನಲ್ಲಿ ಬಿಡ್ತೀರಾ?" ಅಂದ. ಇದು ಮುಳುಗುತ್ತೆ ಕಣೋ, ನೀರಿಗೆ ಬಿಡಬೇಕಂದ್ರೆ ಶ್ರೀರಂಗಪಟ್ಟಣದಲ್ಲಿ ಹರಗೋಲು ಹತ್ತು ಅಂದೆ. ಅವನಿಗೆ ಅಲ್ಲಿಗೆ ಆಸಕ್ತಿ ಹೋಯಿತು.

ಸದ್ಯ ನಡೆಯುತ್ತಿರುವುದು ತಾಮ್ರದ ಕೆಲಸ. ಮರ ಕೊರೆಯುವ ಸಮುದ್ರದ ಹುಳ ತಡೆಯಲು ಹಡಗಿನ ತಳಕ್ಕೆ ತಾಮ್ರದ ತಗಡು ಹೊದಿಸುತ್ತಿದ್ದರು, ಒಂದೊಂದು ತಗಡು 4 ಅಡಿ ಉದ್ದ, 14 ಇಂಚು ಅಗಲ. ನನ್ನಲ್ಲಿ ಅದು ಹೆಚ್ಚುಕಮ್ಮಿ 12.7 ಮಿ.ಮೀ.ಗೆ 3.7 ಮಿ.ಮೀ. ಎಲೆಕ್ಟ್ರಾನಿಕ್ಸ್ ಅಂಗಡಿಯ ಅಂಟಿರುವ ತಾಮ್ರದ ಟೇಪನ್ನು ಬ್ಲೇಡಿನಲ್ಲಿ ತುಂಡು ಮಾಡಿ, ಹಿಂದಿನಿಂದ ಮುಂದಕ್ಕೆ, ಕೆಳಗಿನಿಂದ ಮೇಲಕ್ಕೆ, ಒಂದರ ಅಂಚಿನ ಮೇಲೆ ಇನ್ನೊಂದರ ಅಂಚು ಬರುವ ಹಾಗೆ ಅಂಟಿಸಬೇಕು. ಸುಮಾರು 1,700 ತುಂಡು ಬೇಕು. ದಿನಕ್ಕೆ ನಲವತ್ತು ಆದರೆ ಕಣ್ಣು ಸಾಕು ಅನ್ನುತ್ತದೆ. ಮೊದಲ ವಾರದ್ದು ಆಗಲೇ ಕಂದಿದೆ, ಈ ವಾರದ್ದು ಹೊಸ ಚೊಂಬಿನ ಹಾಗೆ ಹೊಳೆಯುತ್ತಿದೆ. ಎಲ್ಲ ಒಂದೇ ಬಣ್ಣಕ್ಕೆ ಬರಲು ಮುಂದಿನ ದಸರಾ ಆಗಬಹುದು. ಕಂಬ, ಹಗ್ಗದ ಕೆಲಸ ಆಮೇಲೆ.

ಮೊನ್ನೆ ಭಾನುವಾರ ಅಮ್ಮ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನನ್ನವಳು ಕಾಫಿ ತಂದಿಟ್ಟು ಹಡಗನ್ನು ಆ ಕಡೆ ಈ ಕಡೆ ತಿರುಗಿಸಿದಳು. "ಎಲ್ಲಾ ಚನ್ನಪಟ್ಟಣದ ಮರ ಅಂತೀರಿ. ತಾತನ ಕಿಟಕಿ ಎಲ್ಲಿ ಇದರಲ್ಲಿ?" ತಲೆಕೆಳಗು ಮಾಡಿ ಕೀಲ್ ತೋರಿಸಲು ಹೋದೆ. ಹಿಂದಿನ ರಾತ್ರಿಯಷ್ಟೇ ಅದರ ಉದ್ದಕ್ಕೂ ತಾಮ್ರ ಅಂಟಿಸಿ ಮುಗಿಸಿದ್ದೆ. ಬೆಳ್ಳಿ ಮೊಳೆ ಎಲ್ಲಿದೆ ಅಂತ ಬೆರಳಾಡಿಸಿ ಹುಡುಕಿದೆ, ಮುಂದಿನಿಂದ ಹನ್ನೆರಡನೇ ತುಂಡೋ ಹದಿಮೂರನೆಯದೋ. ಅಮ್ಮ ಅವರೆಕಾಯಿ ಬಿಟ್ಟು ಕೈ ಚಾಚಿದರು, ಹೆಬ್ಬೆರಳಲ್ಲಿ ತಾಮ್ರದ ಮೇಲೆ ಸವರಿಕೊಂಡು ಹೋಗಿ ಒಂದು ಕಡೆ ನಿಲ್ಲಿಸಿದರು. "ಇಲ್ಲಿ. ಚೂರು ಉಬ್ಬಿದೆ ನೋಡು."

ಚೌಕಟ್ಟಿನ ಉಳಿದ ಮರ ಇನ್ನೂ ತಾರಸಿಯಲ್ಲೇ ಇದೆ. ಹಡಗು ಕೂರಿಸಲು ಪೀಠ ಮಾಡಬೇಕು, ಎರಡಡಿ ಉದ್ದ ಸಾಕು.